ನೌಕರರಿಗೆ ಆನ್‌ಲೈನ್ ತರಬೇತಿ: ಖರ್ಚು ಮತ್ತು ಲಾಭವನ್ನು ತೂಗಿ ನೋಡುವುದು ಹೇಗೆ?

ನೌಕರರ ತರಬೇತಿಯನ್ನು ತರಗತಿಯಿಂದ ಆನ್‌ಲೈನಿಗೆ ವರ್ಗಾಯಿಸಿದರೆ ನಿಜಕ್ಕೂ ಹಣ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಸಣ್ಣ ಸಂಸ್ಥೆಗಳ ಮಾಲೀಕರಿದ್ದಾರೆ, ಮಾನವ ಸಂಪನ್ಮೂಲ ವಿಭಾಗದವರಿದ್ದಾರೆ, ಮಾರಾಟಗಾರರ ಪ್ರಾತ್ಯಕ್ಷಿಕೆ ನೋಡಿ ಬಂದು ಮೇಲಿನವರಿಗೆ ಪ್ರಸ್ತಾವ ಬರೆದುಕೊಡಬೇಕಾದ ವ್ಯವಸ್ಥಾಪಕರೂ ಇದ್ದಾರೆ. ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ನಿಮ್ಮ ಸಂಸ್ಥೆಯ ಮಟ್ಟಿಗೆ ಉತ್ತರ ಕಂಡುಕೊಳ್ಳುವ ಒಂದು ಕ್ರಮವಿದೆ. ಅದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಇಡೀ ಲೇಖನಕ್ಕೆ ಆಧಾರವಾಗಿರುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತರಬೇತಿ ಯಾವ ರೂಪದಲ್ಲೇ ಇರಲಿ, ಅದರ ಅತಿ ದೊಡ್ಡ ಖರ್ಚು ಸಾಮಾನ್ಯವಾಗಿ ಕಲಿಯುವವರ ಸಮಯ. ಈ ಸಮಯಕ್ಕೆ ಯಾರೂ ಪ್ರತ್ಯೇಕ ಬಿಲ್ ಕಳಿಸುವುದಿಲ್ಲವಾದ್ದರಿಂದ ಬಹುತೇಕ ಲೆಕ್ಕಗಳಲ್ಲಿ ಅದು ಕಾಣುವುದೇ ಇಲ್ಲ, ಮತ್ತು ಅದು ಕಾಣದ ಲೆಕ್ಕದಿಂದ ತೆಗೆದುಕೊಂಡ ತೀರ್ಮಾನ ಯಾವ ಕಡೆಗೆ ಬೇಕಾದರೂ ತಪ್ಪಬಹುದು.

ಲೆಕ್ಕಕ್ಕೆ ಕೂರುವ ಮೊದಲು ಬೇಕಾದವು

ಕಳೆದ ಒಂದು ವರ್ಷದಲ್ಲಿ ನಡೆದ ತರಬೇತಿಗಳ ಪಟ್ಟಿ, ಪ್ರತಿಯೊಂದರ ಹಾಜರಿ ಮತ್ತು ಅವಧಿ, ತರಬೇತುದಾರರಿಗೂ ಸ್ಥಳಕ್ಕೂ ಪ್ರಯಾಣಕ್ಕೂ ಆದ ಪಾವತಿಗಳು, ವರ್ಷಕ್ಕೆ ಎಷ್ಟು ಮಂದಿ ಹೊಸಬರು ಸೇರುತ್ತಾರೆ ಎಂಬ ಸಂಖ್ಯೆ, ನೌಕರರ ಸರಾಸರಿ ವೇತನ, ಇಷ್ಟನ್ನು ಮೊದಲು ಒಟ್ಟುಮಾಡಿಕೊಳ್ಳಿ. ಇದರ ಜೊತೆಗೆ ತರಬೇತಿಯಿಂದ ಸುಧಾರಿಸಬೇಕಾದ ಕೆಲಸದ ಕುರಿತು ಯಾವುದಾದರೂ ದಾಖಲೆ ಬೇಕು. ತಪ್ಪುಗಳ ಸಂಖ್ಯೆ, ಮರಳಿ ಮಾಡಬೇಕಾಗಿ ಬಂದ ಕೆಲಸ, ಗ್ರಾಹಕರ ದೂರು, ಅಪಘಾತ, ಹೊಸಬರು ಸ್ವತಂತ್ರವಾಗಿ ಕೆಲಸ ಮಾಡಲು ಹಿಡಿಯುವ ದಿನಗಳು, ಇವುಗಳಲ್ಲಿ ನಿಮ್ಮ ಕೆಲಸಕ್ಕೆ ಹೊಂದುವ ಒಂದಾದರೂ ಇರಲಿ. ಅಂಥ ದಾಖಲೆ ಇಲ್ಲವಾದರೆ ತರಬೇತಿಯ ರೂಪ ಬದಲಾಯಿಸುವುದಕ್ಕೆ ಎರಡು ಮೂರು ತಿಂಗಳ ಮೊದಲೇ ಬರೆದಿಡಲು ಶುರುಮಾಡಿ. ಬದಲಾವಣೆಯ ನಂತರ ಹಿಂದಿನ ಸ್ಥಿತಿಯನ್ನು ಅಂದಾಜಿನಿಂದ ಬರೆದರೆ ಅದನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು.

ಹಂತ 1: ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ

"ಈ ತರಬೇತಿ ಕೊಡುವುದರಿಂದ ಪ್ರಯೋಜನವಿದೆಯೇ?" ಎಂಬುದು ಒಂದು ಪ್ರಶ್ನೆ. "ಕೊಡುವುದಾದರೆ ತರಗತಿಯಲ್ಲೋ, ಆನ್‌ಲೈನಿನಲ್ಲೋ?" ಎಂಬುದು ಇನ್ನೊಂದು. ಪ್ರಸ್ತಾವಗಳಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷವೆಂದರೆ ಇವೆರಡನ್ನೂ ಕಲಸಿಬಿಡುವುದು. ತರಬೇತಿ ಪಡೆದವರ ತಪ್ಪುಗಳು ಕಡಿಮೆಯಾಗುತ್ತವೆ ಎಂಬ ಲಾಭವನ್ನು ಪೂರ್ತಿಯಾಗಿ ಆನ್‌ಲೈನ್ ತರಬೇತಿಯ ಖಾತೆಗೆ ಬರೆಯಲಾಗುತ್ತದೆ. ಅದೇ ಲಾಭ ತರಗತಿಯಿಂದಲೂ ಸಿಗುತ್ತಿತ್ತು ಎಂಬುದು ಮರೆತುಹೋಗುತ್ತದೆ. ಎರಡು ರೂಪಗಳನ್ನು ಹೋಲಿಸುವಾಗ ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ವ್ಯತ್ಯಾಸ ಎಷ್ಟಿರಬಹುದು ಎಂಬುದಕ್ಕೆ ಹಳೆಯ ಚರ್ಚೆಯೊಂದಿದೆ. ಕಲಿಕೆಯ ಮೇಲೆ ಪರಿಣಾಮ ಬೀರುವುದು ಮಾಧ್ಯಮವಲ್ಲ, ಬೋಧನೆಯ ವಿಧಾನ ಎಂಬ ವಾದವನ್ನು ಅಮೆರಿಕದ ವಿದ್ವಾಂಸ ರಿಚರ್ಡ್ ಕ್ಲಾರ್ಕ್ 1983ರಲ್ಲಿ ಮುಂದಿಟ್ಟರು. ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಅಧ್ಯಯನಗಳ ಒಟ್ಟು ವಿಶ್ಲೇಷಣೆಯಲ್ಲಿ ಆನ್‌ಲೈನ್ ಕಲಿಕೆಗೆ ಸಣ್ಣ ಮೇಲುಗೈಯೂ ಮುಖಾಮುಖಿ ಬೋಧನೆಯೊಂದಿಗೆ ಬೆರೆಸಿದ ಮಿಶ್ರ ಕಲಿಕೆಗೆ ಅದಕ್ಕಿಂತ ಹೆಚ್ಚಿನ ಮೇಲುಗೈಯೂ ಕಂಡವು. ಆದರೆ ಅಂಥ ಮಿಶ್ರ ಕೋರ್ಸುಗಳಲ್ಲಿ ಕಲಿಕೆಯ ಸಮಯ ಮತ್ತು ಸಾಮಗ್ರಿ ಕೂಡ ಹೆಚ್ಚಾಗಿರುತ್ತಿದ್ದುದರಿಂದ ಮೇಲುಗೈಗೆ ಮಾಧ್ಯಮವೇ ಕಾರಣವೆಂದು ಹೇಳಲಾಗದು ಎಂದು ಅದೇ ವರದಿ ಎಚ್ಚರಿಸಿತು. ಆದ್ದರಿಂದ "ಆನ್‌ಲೈನಿನಲ್ಲಿ ಕಲಿತರೆ ಹೆಚ್ಚು ಕಲಿಯುತ್ತಾರೆ" ಎಂಬ ಆಧಾರದ ಮೇಲೆ ಲೆಕ್ಕ ಕಟ್ಟಬೇಡಿ. ಎಚ್ಚರಿಕೆಯಿಂದ ರೂಪಿಸಿದರೆ ಎರಡರಲ್ಲೂ ಕಲಿಕೆ ಸರಿಸುಮಾರು ಸಮ ಎಂದು ಹಿಡಿದು, ಸಮಯ, ಖರ್ಚು, ತಲುಪುವಿಕೆ ಇವುಗಳಲ್ಲಿನ ವ್ಯತ್ಯಾಸ ನೋಡುವುದು ಸುರಕ್ಷಿತ.

ಹಂತ 2: ತರಬೇತಿಗಳನ್ನು ಒಂದೊಂದಾಗಿ ವಿಂಗಡಿಸಿ

ತೀರ್ಮಾನ ಇಡೀ ಸಂಸ್ಥೆಗೆ ಒಂದೇ ಆಗಿರಬೇಕಾಗಿಲ್ಲ. ಒಂದೊಂದು ಕೋರ್ಸಿಗೂ ಬೇರೆಯಾಗಿರಬಹುದು. ಬಹಳ ಜನ ಕಲಿಯಬೇಕಾದ, ಅಪರೂಪಕ್ಕೆ ಬದಲಾಗುವ, ಎಲ್ಲರಿಗೂ ಒಂದೇ ರೀತಿ ತಲುಪಬೇಕಾದ ವಿಷಯಗಳು ಆನ್‌ಲೈನಿಗೆ ಸಹಜವಾಗಿ ಹೊಂದುತ್ತವೆ. ಸಂಸ್ಥೆಯ ನಿಯಮಾವಳಿ, ಮಾಹಿತಿ ಸುರಕ್ಷತೆಯ ಮೂಲ ಪಾಠ, ತಂತ್ರಾಂಶ ಬಳಕೆ ಇಂಥವು. ಯಂತ್ರವನ್ನು ಕೈಯಿಂದ ನಡೆಸುವ ಕೆಲಸ, ಕೋಪಗೊಂಡ ಗ್ರಾಹಕರೊಂದಿಗೆ ಮಾತನಾಡುವುದು, ತಂಡವನ್ನು ನಡೆಸುವುದು ಇವುಗಳಿಗೆ ಎದುರಿಗೊಬ್ಬರು ನಿಂತು ನೋಡಿ, ತಿದ್ದಿ, ಮತ್ತೆ ಮಾಡಿಸಬೇಕಾಗುತ್ತದೆ. ಇಂಥ ಕಡೆ ತಿಳಿವಳಿಕೆಯ ಭಾಗವನ್ನು ಮೊದಲೇ ಆನ್‌ಲೈನಿನಲ್ಲಿ ಮುಗಿಸಿ, ತರಗತಿಯ ಸಮಯವನ್ನು ಅಭ್ಯಾಸಕ್ಕೆ ಮೀಸಲಿಡುವುದು ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸಂಸ್ಥೆಗಳಿಗೆ ಒಳ್ಳೆಯ ದಾರಿ.

ಆರು ತಿಂಗಳಿಗೊಮ್ಮೆ ಬದಲಾಗುವ ವಿಷಯಕ್ಕೆ ದುಬಾರಿ ವಿಡಿಯೊ ಮಾಡಿಸಬೇಡಿ. ಅದಕ್ಕೆ ಸರಳ ಬರಹ, ಚಿತ್ರ ಮತ್ತು ನೇರಪ್ರಸಾರದ ತರಗತಿ ಸಾಕು. ತರಬೇತುದಾರರೂ ಕಲಿಯುವವರೂ ಬೇರೆ ಬೇರೆ ಕಡೆಯಿಂದ ಒಂದೇ ಸಮಯಕ್ಕೆ ಸೇರುವ ತರಗತಿ ಇದು. ಸಿದ್ಧಪಡಿಸುವ ಖರ್ಚು ಕಡಿಮೆ. ಆದರೆ ಪ್ರತಿ ಬ್ಯಾಚಿಗೂ ತರಬೇತುದಾರರ ಸಮಯ ಬೇಕು. ಮೊದಲೇ ರೆಕಾರ್ಡ್ ಮಾಡಿಟ್ಟ, ಯಾರು ಯಾವಾಗ ಬೇಕಾದರೂ ನೋಡಬಹುದಾದ ಪಾಠದ ಸ್ಥಿತಿ ಇದಕ್ಕೆ ತಿರುಗುಮುರುಗು. ಈ ಎರಡೂ ಬಗೆಯನ್ನು "ಆನ್‌ಲೈನ್ ತರಬೇತಿ" ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಇವುಗಳ ಖರ್ಚಿನ ಸ್ವರೂಪ ಪೂರ್ತಿ ಬೇರೆಯಾದ್ದರಿಂದ ನಿಮ್ಮ ಪ್ರಸ್ತಾವದಲ್ಲಿ ಯಾವುದನ್ನು ಉದ್ದೇಶಿಸಿದ್ದೀರಿ ಎಂದು ಸ್ಪಷ್ಟವಾಗಿ ಬರೆಯಿರಿ.

ಹಂತ 3: ಈಗಿನ ತರಬೇತಿಯ ನಿಜವಾದ ಖರ್ಚು ಕಂಡುಕೊಳ್ಳಿ

ಎಲ್ಲ ಖರ್ಚನ್ನೂ ಒಂದೇ ಅಳತೆಗೆ ತರುವುದಕ್ಕೆ ನೌಕರರ ಗಂಟೆಗಳ ಲೆಕ್ಕ ಅನುಕೂಲ. ಒಬ್ಬ ಸರಾಸರಿ ನೌಕರರ ವಾರ್ಷಿಕ ವೇತನಕ್ಕೆ ಸಂಸ್ಥೆ ಕಟ್ಟುವ ಇತರ ಮೊತ್ತಗಳನ್ನು ಕೂಡಿಸಿ, ರಜೆಗಳನ್ನು ಕಳೆದ ನಿಜವಾದ ಕೆಲಸದ ಗಂಟೆಗಳಿಂದ ಭಾಗಿಸಿದರೆ ಒಂದು ಗಂಟೆಯ ವೆಚ್ಚ ಸಿಗುತ್ತದೆ. ಉಳಿದ ಪ್ರತಿಯೊಂದು ಪಾವತಿಯನ್ನೂ ಈ ಮೊತ್ತದಿಂದ ಭಾಗಿಸಿ. ಆಗ ಕೊಠಡಿಯ ಬಾಡಿಗೆಯೂ ತರಬೇತುದಾರರ ಸಂಭಾವನೆಯೂ "ಇಷ್ಟು ಗಂಟೆ" ಎಂಬ ರೂಪಕ್ಕೆ ಬರುತ್ತವೆ.

ಲೆಕ್ಕ ತಿಳಿಯಲೆಂದು ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಒಂದು ಸಂಸ್ಥೆಯ 120 ನೌಕರರಿಗೆ ಒಂದು ದಿನದ ತರಬೇತಿ ಬೇಕಾಗಿದೆ. ಪ್ರತಿ ಬ್ಯಾಚಿಗೆ 20 ಮಂದಿ, ತರಗತಿ 6 ಗಂಟೆ, ಹೋಗಿಬರುವ ಸಮಯ 2 ಗಂಟೆ. ಅಲ್ಲಿಗೆ ಒಂದು ಬ್ಯಾಚಿನ ನೌಕರರ ಸಮಯವೇ 160 ಗಂಟೆ ಆಯಿತು. ತರಬೇತುದಾರರು, ಸ್ಥಳ, ಪ್ರಯಾಣ, ಮುದ್ರಿತ ಸಾಮಗ್ರಿ ಎಲ್ಲ ಸೇರಿ 60 ಗಂಟೆಗಳಿಗೆ ಸಮ ಎಂದಿಟ್ಟುಕೊಳ್ಳಿ. ಬ್ಯಾಚಿಗೆ 220 ಗಂಟೆ, ತಲೆಗೆ 11 ಗಂಟೆ, ಆರು ಬ್ಯಾಚಿಗೆ ಒಟ್ಟು 1320 ಗಂಟೆ. ಕೈಯಿಂದ ಹಣ ಕೊಟ್ಟ ಭಾಗ ಇದರಲ್ಲಿ 360 ಗಂಟೆಗಳಷ್ಟು ಮಾತ್ರ ಎಂಬುದನ್ನು ಗಮನಿಸಿ. ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ತರಗತಿಯಿಂದ ಸಿಗುವ, ಆದರೆ ಬಿಲ್ಲಿನಲ್ಲಿ ಕಾಣದ ಪ್ರಯೋಜನಗಳೂ ಇರುತ್ತವೆ. ಬೇರೆ ಬೇರೆ ವಿಭಾಗದವರು ಪರಸ್ಪರ ಪರಿಚಯವಾಗುತ್ತಾರೆ, ಬಿಡುವಿನ ವೇಳೆಯಲ್ಲಿ ಕೆಲಸದ ತೊಡಕುಗಳು ಮಾತಿಗೆ ಬರುತ್ತವೆ, ಅರ್ಥವಾಗದ ಮುಖಗಳನ್ನು ನೋಡಿ ತರಬೇತುದಾರರು ಪಾಠದ ವೇಗ ತಗ್ಗಿಸುತ್ತಾರೆ. ಇವುಗಳಿಗೆ ಬಲವಂತವಾಗಿ ಬೆಲೆ ಕಟ್ಟುವುದು ಬೇಡ. ಪ್ರಸ್ತಾವದಲ್ಲಿ ಪ್ರತ್ಯೇಕ ಪ್ಯಾರಾ ಮಾಡಿ ಬರೆದಿಡಿ.

ಹಂತ 4: ಆನ್‌ಲೈನಿನ ಖರ್ಚನ್ನು ಪೂರ್ತಿಯಾಗಿ ಬರೆಯಿರಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಮಾರಾಟಗಾರರ ದರಪಟ್ಟಿಯಲ್ಲಿರುವುದು ಖರ್ಚಿನ ಒಂದು ತುಂಡು ಮಾತ್ರ.

ಮೊದಲನೆಯದು ಪಾಠ ಸಿದ್ಧಪಡಿಸುವ ಖರ್ಚು. ವಿಷಯ ಬಲ್ಲ ನಿಮ್ಮದೇ ಹಿರಿಯ ನೌಕರರು ಪಠ್ಯ ಬರೆಯಲು, ಪರಿಶೀಲಿಸಲು, ಮತ್ತೆ ತಿದ್ದಲು ಕೊಡುವ ಗಂಟೆಗಳನ್ನು ಇದರಲ್ಲಿ ಸೇರಿಸಲೇಬೇಕು. ಹೊರಗಿನವರಿಗೆ ಗುತ್ತಿಗೆ ಕೊಟ್ಟರೂ ಈ ಭಾಗ ನಿಮ್ಮ ಮೇಲೆಯೇ ಬೀಳುತ್ತದೆ. ಸಿದ್ಧ ಕೋರ್ಸುಗಳನ್ನು ಕೊಂಡರೆ ಇದು ಬಹಳ ಕಡಿಮೆಯಾಗುತ್ತದೆ. ಆದರೆ ಅವು ನಿಮ್ಮ ಕೆಲಸದ ರೀತಿಗೆ, ನಿಮ್ಮ ನೌಕರರ ಭಾಷೆಗೆ ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲು ಒಂದು ಪಾಠವನ್ನಾದರೂ ಪೂರ್ತಿ ನೋಡಿ.

ಎರಡನೆಯದು ವೇದಿಕೆ. ಯಾರು ಯಾವ ಪಾಠ ತೆರೆದರು, ಎಷ್ಟು ಅಂಕ ಬಂತು, ಪ್ರಮಾಣಪತ್ರ ಸಿಕ್ಕಿತೇ ಎಂಬುದನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ, ಚಿಕ್ಕದಾಗಿ ಎಲ್‌ಎಂಎಸ್ ಎನ್ನುತ್ತಾರೆ. ಇದಕ್ಕೆ ಸಾಮಾನ್ಯವಾಗಿ ವಾರ್ಷಿಕ ಚಂದಾ ಇರುತ್ತದೆ. 2002ರಲ್ಲಿ ಮೊದಲ ಆವೃತ್ತಿ ಬಂದ ಮೂಡಲ್‌ನಂಥ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಹಾಗೆಂದು ಅವು ಖರ್ಚಿಲ್ಲದವು ಎಂದು ಭಾವಿಸಬೇಡಿ: ಸರ್ವರ್ ಬಾಡಿಗೆ, ಆವೃತ್ತಿ ನವೀಕರಣ, ಬ್ಯಾಕಪ್, ಭದ್ರತೆ ಇವನ್ನೆಲ್ಲ ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು. ಅಂಥವರು ನಿಮ್ಮಲ್ಲಿ ಇಲ್ಲದಿದ್ದರೆ ಚಂದಾ ಕೊಡುವುದೇ ಅಗ್ಗವಾಗಬಹುದು.

ಮೂರನೆಯದು ಸಾಧನ ಮತ್ತು ಸಂಪರ್ಕ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಹರಿಯುವ ವಿಡಿಯೊ ಒಂದು ಗಂಟೆಗೆ ಸುಮಾರು 450 ಮೆಗಾಬೈಟ್ ಡೇಟಾ ಬಳಸುತ್ತದೆ. ನಾಲ್ಕು ಗಂಟೆಯ ಕೋರ್ಸಿಗೆ ಇದು 1.8 ಗಿಗಾಬೈಟ್ ಆಯಿತು. ನೌಕರರು ತಮ್ಮ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ ನೋಡಬೇಕಾದರೆ ಆ ಖರ್ಚು ಮಾಯವಾಗಿಲ್ಲ, ಅವರ ಜೇಬಿಗೆ ವರ್ಗವಾಗಿದೆ. ಅದನ್ನು ಸಂಸ್ಥೆಯೇ ಭರಿಸಬೇಕು, ಲೆಕ್ಕದಲ್ಲೂ ತೋರಿಸಬೇಕು.

ನಾಲ್ಕನೆಯದು ಎಲ್ಲರಿಗೂ ನಿಲುಕುವಂತೆ ಮಾಡುವ ಖರ್ಚು. ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವ ನೌಕರರೂ ಬಳಸಬಹುದಾದಂತೆ ಜಾಲಪುಟಗಳನ್ನು ರೂಪಿಸಲು ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಿದೆ, ಅದರ 2.2ನೇ ಆವೃತ್ತಿ 2023ರಲ್ಲಿ ಬಂತು. ವಿಡಿಯೊಗಳಿಗೆ ಅಡಿಬರಹ, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಬಳಸುವ ಅನುಕೂಲ, ಸಾಮಾನ್ಯ ಗಾತ್ರದ ಅಕ್ಷರಗಳಿಗೂ ಹಿನ್ನೆಲೆಗೂ ಕನಿಷ್ಠ 4.5:1 ಅನುಪಾತದ ಬಣ್ಣವ್ಯತ್ಯಾಸ ಇವು ಅದರ ಮುಖ್ಯ ಅಂಶಗಳಲ್ಲಿ ಕೆಲವು. ಮೊದಲೇ ಸೇರಿಸಿದರೆ ಇದು ಸಣ್ಣ ಖರ್ಚು. ಎಲ್ಲ ಮುಗಿದ ಮೇಲೆ ಸೇರಿಸಹೊರಟರೆ ಅನೇಕ ಪಾಠಗಳನ್ನು ಮತ್ತೆ ಮಾಡಬೇಕಾಗುತ್ತದೆ.

ಐದನೆಯದು, ಎಲ್ಲರೂ ಮರೆಯುವುದು: ನಿರ್ವಹಣೆ. ಪಾಸ್‌ವರ್ಡ್ ಮರೆತವರಿಗೆ ಸಹಾಯ, ಬಾಕಿ ಉಳಿಸಿಕೊಂಡವರಿಗೆ ನೆನಪೋಲೆ, ಕೆಲಸ ಬಿಟ್ಟವರ ಖಾತೆ ತೆಗೆಯುವುದು, ಬದಲಾದ ನಿಯಮಕ್ಕೆ ತಕ್ಕಂತೆ ಪಾಠ ತಿದ್ದುವುದು. ಇದಕ್ಕೆ ಒಬ್ಬರ ಹೆಸರು ಹಚ್ಚಿ, ಅವರ ವಾರದ ಗಂಟೆಗಳನ್ನು ಲೆಕ್ಕಕ್ಕೆ ಹಾಕಿ.

ಕೊನೆಗೆ, ಕಲಿಯುವವರ ಸಮಯ. ಆನ್‌ಲೈನ್ ಪಾಠಕ್ಕೆ ಪ್ರಯಾಣವಿಲ್ಲ, ಗೊತ್ತಿರುವ ಭಾಗವನ್ನು ಬೇಗ ದಾಟಿ ಹೋಗಬಹುದು. ಹೀಗಾಗಿ ಒಟ್ಟು ಅವಧಿ ಕಡಿಮೆಯಾಗುವುದು ಸಹಜ. ಆದರೆ ಸೊನ್ನೆ ಆಗುವುದಿಲ್ಲ. ಕೌಂಟರಿನ ಹಿಂದೆ ಕುಳಿತ ನೌಕರರೊಬ್ಬರನ್ನು ಕಣ್ಣಮುಂದೆ ತಂದುಕೊಳ್ಳಿ: ಒಂದು ಕಿವಿಯಲ್ಲಿ ಇಯರ್‌ಫೋನ್, ಇನ್ನೊಂದು ಕಿವಿಗೆ ದೂರವಾಣಿ, ಎದುರಿಗೆ ನಿಂತ ಗ್ರಾಹಕರು, ಪರದೆಯಲ್ಲಿ ನಿಂತು ನಿಂತು ಸಾಗುವ ಹನ್ನೆರಡು ನಿಮಿಷದ ಪಾಠ, ಮತ್ತು ಓದದೆಯೇ ಒತ್ತುತ್ತಿರುವ "ಮುಂದೆ" ಎಂಬ ಗುಂಡಿ. ದಾಖಲೆಯಲ್ಲಿ ಆ ಪಾಠ ಪೂರ್ಣಗೊಂಡಿರುತ್ತದೆ. ಇದನ್ನು ಉಳಿತಾಯ ಎಂದು ಕರೆಯಲು ಸಾಧ್ಯವೇ ಇಲ್ಲ. ಹಾಗೆಯೇ ಪಾಠವನ್ನು ಮನೆಗೆ ಹೋಗಿ ರಾತ್ರಿ ಮುಗಿಸಿ ಎಂದು ಹೇಳಿ ಆ ಗಂಟೆಗಳನ್ನು ಲೆಕ್ಕದಿಂದ ಬಿಡುವುದೂ ಸರಿಯಲ್ಲ. ಕಡ್ಡಾಯ ತರಬೇತಿ ಕೆಲಸದ ಭಾಗ, ಅದಕ್ಕೆ ಕೆಲಸದ ವೇಳೆಯಲ್ಲೇ ಅಡ್ಡಿಯಿಲ್ಲದ ಸಮಯ ಕೊಡಬೇಕು. ಈ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಹಂತ 5: ಸರಿದೂಗುವ ಸಂಖ್ಯೆಯನ್ನು ಕಂಡುಹಿಡಿಯಿರಿ

ಎಷ್ಟು ಮಂದಿ ಕಲಿತರೂ ಬದಲಾಗದ ಖರ್ಚಿಗೆ ಸ್ಥಿರ ವೆಚ್ಚ ಎಂದೂ, ತಲೆಯೆಣಿಕೆಯೊಂದಿಗೆ ಏರುವ ಖರ್ಚಿಗೆ ಚರ ವೆಚ್ಚ ಎಂದೂ ಹೆಸರು. ತರಗತಿಯಲ್ಲಿ ಹೆಚ್ಚಿನ ಪಾಲು ಚರ ವೆಚ್ಚ. ರೆಕಾರ್ಡ್ ಮಾಡಿಟ್ಟ ಆನ್‌ಲೈನ್ ಪಾಠದಲ್ಲಿ ಸ್ಥಿರ ವೆಚ್ಚದ ಪಾಲು ದೊಡ್ಡದು. ಎರಡೂ ರೂಪಗಳ ಒಟ್ಟು ಖರ್ಚು ಸಮವಾಗುವ ಕಲಿಯುವವರ ಸಂಖ್ಯೆಯೇ ಸರಿದೂಗುವ ಸಂಖ್ಯೆ. ಆನ್‌ಲೈನಿನ ಸ್ಥಿರ ವೆಚ್ಚವನ್ನು, ತಲೆಗೆ ಉಳಿಯುವ ಮೊತ್ತದಿಂದ ಭಾಗಿಸಿದರೆ ಅದು ಸಿಗುತ್ತದೆ.

ನಮ್ಮ ಉದಾಹರಣೆಗೆ ಬರೋಣ. ಪಾಠ ಸಿದ್ಧಪಡಿಸಲು 600 ಗಂಟೆ, ವೇದಿಕೆಯ ವಾರ್ಷಿಕ ಚಂದಾ 90 ಗಂಟೆಗೆ ಸಮ, ನಿರ್ವಹಣೆ ವರ್ಷಕ್ಕೆ 60 ಗಂಟೆ. ಒಟ್ಟು ಸ್ಥಿರ ವೆಚ್ಚ 750 ಗಂಟೆ. ಪ್ರತಿಯೊಬ್ಬರೂ ಕಲಿಯಲು ನಾಲ್ಕೂವರೆ ಗಂಟೆ ತೆಗೆದುಕೊಳ್ಳುತ್ತಾರೆ ಎಂದು ಹಿಡಿಯೋಣ. ತರಗತಿಯಲ್ಲಿ ತಲೆಗೆ 11, ಇಲ್ಲಿ 4.5, ಉಳಿತಾಯ 6.5. 750ನ್ನು 6.5ರಿಂದ ಭಾಗಿಸಿದರೆ 115ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅಂದರೆ 116 ಮಂದಿಯಾದರೂ ಕಲಿಯದಿದ್ದರೆ ಮೊದಲ ವರ್ಷ ಆನ್‌ಲೈನ್ ದುಬಾರಿ. ಈ ಸಂಸ್ಥೆಯಲ್ಲಿ 120 ಮಂದಿ ಇರುವುದರಿಂದ 1320ರ ಎದುರು 1290 ಗಂಟೆ, ಹೆಚ್ಚುಕಡಿಮೆ ಸಮ. ಅದೇ ಕೋರ್ಸ್ 40 ಮಂದಿಗೆ ಮಾತ್ರ ಬೇಕಾಗಿದ್ದರೆ ತರಗತಿಗೆ 440 ಗಂಟೆ, ಆನ್‌ಲೈನಿಗೆ 930.

ಒಂದೇ ವರ್ಷಕ್ಕೆ ನಿಲ್ಲಿಸದೆ ಮೂರು ವರ್ಷಗಳ ಲೆಕ್ಕ ಹಾಕಿ. ಎರಡನೇ ಮತ್ತು ಮೂರನೇ ವರ್ಷ ತಲಾ 40 ಹೊಸಬರು ಕಲಿಯುತ್ತಾರೆ ಎಂದರೆ ತರಗತಿಗೆ ಒಟ್ಟು 2200 ಗಂಟೆ, ಆನ್‌ಲೈನಿಗೆ 1950. ಈಗ 250 ಗಂಟೆಗಳ ಉಳಿತಾಯ ಕಾಣುತ್ತದೆ. ಆದರೆ ಎರಡನೇ ವರ್ಷ ನಿಯಮ ಬದಲಾಗಿ ಅರ್ಧದಷ್ಟು ಪಾಠ ಮತ್ತೆ ಮಾಡಬೇಕಾಗಿ ಬಂದರೆ 300 ಗಂಟೆ ಸೇರಿ 2250 ಆಗುತ್ತದೆ, ಉಳಿತಾಯ ಕೈತಪ್ಪುತ್ತದೆ. ಆದ್ದರಿಂದಲೇ ನಿಮ್ಮ ಲೆಕ್ಕದಲ್ಲಿ ಅತ್ಯಂತ ಅನಿಶ್ಚಿತವಾಗಿರುವ ಎರಡು ಮೂರು ಸಂಖ್ಯೆಗಳನ್ನು ಗುರುತಿಸಿ, ಅವು ನಿಮಗೆ ಪ್ರತಿಕೂಲವಾಗಿ ತಿರುಗಿದರೆ ಫಲಿತಾಂಶ ಏನಾಗುತ್ತದೆ ಎಂದು ಬೇರೆ ಹಾಳೆಯಲ್ಲಿ ಮತ್ತೊಮ್ಮೆ ಲೆಕ್ಕ ಹಾಕಬೇಕು. ಮೇಲಿನವರಿಗೆ ಒಂದೇ ಸಂಖ್ಯೆ ಕೊಡುವ ಬದಲು ಈ ಎರಡೂ ಹಾಳೆಗಳನ್ನು ಕೊಡಿ.

ಇಲ್ಲಿ ಇನ್ನೊಂದು ಬಲೆಯಿದೆ. ದಾಖಲಾದವರೆಲ್ಲ ಮುಗಿಸುತ್ತಾರೆ ಎಂದು ಭಾವಿಸುವುದು. ಸಾರ್ವಜನಿಕರಿಗೆ ಮುಕ್ತವಾಗಿರುವ ಬೃಹತ್ ಆನ್‌ಲೈನ್ ಕೋರ್ಸುಗಳಲ್ಲಿ ಸೇರಿದವರ ಸಣ್ಣ ಭಾಗವಷ್ಟೇ ಕೊನೆ ಮುಟ್ಟುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ನೌಕರರ ಕಡ್ಡಾಯ ತರಬೇತಿಯಲ್ಲಿ ಸ್ಥಿತಿ ಅಷ್ಟು ಕೆಡುವುದಿಲ್ಲ, ಆದರೂ ಗಮನಿಸಬೇಕು. 120ರಲ್ಲಿ 84 ಮಂದಿ ಮುಗಿಸಿ, ಉಳಿದ 36 ಮಂದಿ ತಲಾ ಎರಡು ಗಂಟೆ ಕಳೆದು ಅರ್ಧಕ್ಕೇ ಬಿಟ್ಟರು ಎನ್ನಿ. ಒಟ್ಟು ಖರ್ಚು 1200 ಗಂಟೆ, ಅಂದರೆ 1290ಕ್ಕಿಂತ ಕಡಿಮೆ. ಮೇಲುನೋಟಕ್ಕೆ ಇದೂ ಉಳಿತಾಯದಂತೆ ಕಾಣುತ್ತದೆ. ಮುಗಿಸಿದವರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ತಲೆಗೆ 14 ಗಂಟೆಗೂ ಮೇಲಾಗುತ್ತದೆ, ತರಗತಿಯ 11ಕ್ಕಿಂತ ಹೆಚ್ಚು. ಯಾವಾಗಲೂ ಮುಗಿಸಿದವರ ತಲೆಗೆಷ್ಟು ಎಂದೇ ಕೇಳಿ.

ಹಂತ 6: ಲಾಭವನ್ನು ಕೆಲಸದಲ್ಲಿ ಅಳೆಯಿರಿ

ತರಬೇತಿಯ ಪರಿಣಾಮವನ್ನು ನಾಲ್ಕು ಮಟ್ಟಗಳಲ್ಲಿ ನೋಡುವ ಕ್ರಮವನ್ನು ಅಮೆರಿಕದ ವಿದ್ವಾಂಸ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959-60ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದರು, ಅದು ಇಂದಿಗೂ ಬಳಕೆಯಲ್ಲಿದೆ. ಕಲಿತವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದ ರೀತಿ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ ಎಂಬುವೇ ಆ ನಾಲ್ಕು. ಅವುಗಳಿಗೆ ಐದನೆಯದಾಗಿ ಹೂಡಿಕೆಯ ಪ್ರತಿಫಲದ ಲೆಕ್ಕವನ್ನು ಸೇರಿಸಿದವರು ಜ್ಯಾಕ್ ಫಿಲಿಪ್ಸ್. ನಿವ್ವಳ ಲಾಭವನ್ನು ಖರ್ಚಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪ್ರತಿಫಲದ ಶೇಕಡಾವಾರು ಬರುತ್ತದೆ. ಎಲ್‌ಎಂಎಸ್ ನಿಮಗೆ ಧಾರಾಳವಾಗಿ ಕೊಡುವುದು ಮೊದಲ ಎರಡು ಮಟ್ಟಗಳ ಮಾಹಿತಿ. ಮೂರನೆಯದೂ ನಾಲ್ಕನೆಯದೂ ಸಿಗುವುದು ಮೇಲ್ವಿಚಾರಕರ ಹತ್ತಿರ ಮತ್ತು ಕೆಲಸದ ದಾಖಲೆಗಳಲ್ಲಿ. ಪರದೆಯ ಮೇಲಿನ ಬಣ್ಣದ ನಕ್ಷೆಗಳನ್ನಷ್ಟೇ ನೋಡಿ ತೃಪ್ತಿಪಡಬಾರದು ಎನ್ನುವುದು ಇದಕ್ಕೇ.

ಒಂದು ಲೆಕ್ಕ ಹೀಗಿರಬಹುದು. ಒಂದು ಕಚೇರಿಯಲ್ಲಿ ವಾರಕ್ಕೆ 45 ಬಿಲ್‌ಗಳು ತಪ್ಪಾಗಿ ದಾಖಲಾಗುತ್ತಿದ್ದವು, ಒಂದೊಂದನ್ನೂ ಸರಿಪಡಿಸಲು 40 ನಿಮಿಷ ಹಿಡಿಯುತ್ತಿತ್ತು ಎಂದುಕೊಳ್ಳಿ. ತರಬೇತಿಯ ನಂತರ ತಪ್ಪುಗಳು 30ಕ್ಕೆ ಇಳಿದವು. ವಾರಕ್ಕೆ 10 ಗಂಟೆ ಉಳಿಯಿತು ಎಂದು ಬರೆಯುವ ಮೊದಲು, ಇದೇ ಅವಧಿಯಲ್ಲಿ ತರಬೇತಿ ಪಡೆಯದ ಇನ್ನೊಂದು ಕಚೇರಿಯಲ್ಲಿ ಏನಾಯಿತು ಎಂದು ನೋಡಿ. ಅಲ್ಲೂ ತಪ್ಪುಗಳು 45ರಿಂದ 42ಕ್ಕೆ ಇಳಿದಿದ್ದರೆ, ಆ ಮೂರರ ಇಳಿಕೆಗೆ ಬೇರೆ ಕಾರಣವಿದೆ ಎಂದಾಯಿತು. ತರಬೇತಿಯ ಖಾತೆಗೆ ಸೇರುವುದು 12 ತಪ್ಪುಗಳು, ವಾರಕ್ಕೆ 8 ಗಂಟೆ, ವರ್ಷದ 50 ವಾರಗಳಿಗೆ 400 ಗಂಟೆ. ಈ 400 ಗಂಟೆ ಹಂತ 1ರ ಮೊದಲ ಪ್ರಶ್ನೆಗೆ ಉತ್ತರ. ಎರಡನೇ ಪ್ರಶ್ನೆಗೆ ಉತ್ತರ ಬೇಕಾದರೆ ತರಗತಿಯಲ್ಲಿ ಕಲಿತವರನ್ನೂ ಹೀಗೆಯೇ ಅಳೆದು ಹೋಲಿಸಬೇಕು.

ಆನ್‌ಲೈನ್ ರೂಪಕ್ಕೇ ವಿಶೇಷವಾದ ಲಾಭಗಳೂ ಇವೆ. ಮುಂದಿನ ಬ್ಯಾಚಿಗಾಗಿ ವಾರಗಟ್ಟಲೆ ಕಾಯದೆ ಹೊಸಬರು ಸೇರಿದ ದಿನವೇ ಕಲಿಯಬಹುದು. ರಾತ್ರಿ ಪಾಳಿಯವರಿಗೂ ದೂರದ ಶಾಖೆಯವರಿಗೂ ಅದೇ ಪಾಠ ಸಿಗುತ್ತದೆ. ಲೆಕ್ಕಪರಿಶೋಧಕರು ಕೇಳಿದಾಗ ಯಾರು ಯಾವಾಗ ಕಲಿತರು ಎಂಬ ದಾಖಲೆ ತಕ್ಷಣ ತೋರಿಸಬಹುದು. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಪುನರಾವರ್ತನೆಯ ಅನುಕೂಲ. ಕಲಿತದ್ದು ಮೊದಲು ವೇಗವಾಗಿಯೂ ನಂತರ ನಿಧಾನವಾಗಿಯೂ ಮರೆತುಹೋಗುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ್ದರು. ಮತ್ತೆ ಓದುವುದಕ್ಕಿಂತ ನೆನಪಿನಿಂದ ಉತ್ತರಿಸುವ ಪರೀಕ್ಷೆ ಒಂದು ವಾರದ ನಂತರದ ನೆನಪಿಗೆ ಹೆಚ್ಚು ಸಹಾಯಕ ಎಂಬುದನ್ನು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರ ಪ್ರಯೋಗಗಳಲ್ಲಿ ಕಂಡರು. ತರಗತಿಗೆ ಕರೆಸಿ ಪ್ರತಿ ತಿಂಗಳೂ ಐದು ಪ್ರಶ್ನೆ ಕೇಳುವುದು ಆಗದ ಮಾತು, ಆನ್‌ಲೈನಿನಲ್ಲಿ ಅದು ಐದು ನಿಮಿಷದ ಕೆಲಸ. ಆದರೆ ವ್ಯವಸ್ಥೆ ಕೊಂಡ ಮಾತ್ರಕ್ಕೆ ಈ ಲಾಭ ಸಿಗುವುದಿಲ್ಲ. ಒಂದು ವಾರ, ಒಂದು ತಿಂಗಳು, ಮೂರು ತಿಂಗಳ ಅಂತರದಲ್ಲಿ ಪ್ರಶ್ನೆಗಳನ್ನು ಕಳಿಸುವ ಏರ್ಪಾಡನ್ನು ನೀವೇ ಮಾಡಬೇಕು.

ಹಂತ 7: ಸಣ್ಣದಾಗಿ ಪ್ರಯೋಗ ಮಾಡಿ

ಒಂದು ಕೋರ್ಸ್ ಆರಿಸಿ, ಇಪ್ಪತ್ತು ಮೂವತ್ತು ಮಂದಿಗೆ ಆನ್‌ಲೈನಿನಲ್ಲಿಯೂ ಅಷ್ಟೇ ಮಂದಿಗೆ ತರಗತಿಯಲ್ಲಿಯೂ ಕೊಡಿ. ತಂತ್ರಜ್ಞಾನದಲ್ಲಿ ಆಸಕ್ತಿಯುಳ್ಳ ಉತ್ಸಾಹಿಗಳನ್ನೇ ಆನ್‌ಲೈನ್ ಗುಂಪಿಗೆ ಆರಿಸಿದರೆ ಫಲಿತಾಂಶ ಸುಳ್ಳು ಹೇಳುತ್ತದೆ. ಚೀಟಿ ಎತ್ತಿ ಹಂಚುವುದೇ ಉತ್ತಮ. ಎರಡೂ ಗುಂಪಿಗೆ ಒಂದೇ ಪರೀಕ್ಷೆಯನ್ನು ಮುಗಿದ ದಿನವೂ ಒಂದು ತಿಂಗಳ ನಂತರವೂ ಕೊಡಿ. ಮುಗಿಸಿದವರೆಷ್ಟು, ನಿಜವಾಗಿ ಹಿಡಿದ ಸಮಯವೆಷ್ಟು, ಸಹಾಯ ಕೇಳಿದವರೆಷ್ಟು ಎಂದು ಬರೆದಿಡಿ, ಮತ್ತು ಅರ್ಧಕ್ಕೆ ಬಿಟ್ಟವರೊಂದಿಗೆ ತಪ್ಪದೆ ಮಾತನಾಡಿ. ಪಾಠ ಬೇಸರ ತಂದಿತೋ, ಸಮಯ ಸಿಗಲಿಲ್ಲವೋ, ಫೋನಿನಲ್ಲಿ ತೆರೆಯಲೇ ಇಲ್ಲವೋ ಎಂಬುದು ಅವರಿಂದ ಮಾತ್ರ ತಿಳಿಯುತ್ತದೆ. ಈ ಪ್ರಯೋಗದಿಂದ ಬಂದ ಸಂಖ್ಯೆಗಳನ್ನು ಹಂತ 4 ಮತ್ತು 5ರ ಅಂದಾಜುಗಳ ಜಾಗದಲ್ಲಿ ತುಂಬಿ, ಲೆಕ್ಕವನ್ನು ಮತ್ತೆ ಮಾಡಿ.

ಹಂತ 8: ಒಪ್ಪಂದಕ್ಕೆ ಸಹಿ ಹಾಕುವ ಮೊದಲು

ಲೆಕ್ಕ ಆನ್‌ಲೈನಿನ ಕಡೆಗೆ ವಾಲಿದರೆ ಒಪ್ಪಂದದ ಕರಡನ್ನು ಎಚ್ಚರಿಕೆಯಿಂದ ಓದಿ. ಶುಲ್ಕ ನೋಂದಾಯಿತ ಖಾತೆಗಳ ಲೆಕ್ಕದಲ್ಲೋ, ಆ ತಿಂಗಳು ನಿಜವಾಗಿ ಬಳಸಿದವರ ಲೆಕ್ಕದಲ್ಲೋ ಎಂದು ಕೇಳಿ. ನೌಕರರು ಆಗಾಗ ಬದಲಾಗುವ ಸಂಸ್ಥೆಯಲ್ಲಿ ಮೊದಲನೆಯ ಪದ್ಧತಿಯಿಂದ ಕೆಲಸ ಬಿಟ್ಟವರಿಗೂ ಹಣ ಕಟ್ಟುತ್ತಾ ಹೋಗಬೇಕಾಗಬಹುದು. ಎರಡನೇ ವರ್ಷದ ದರ ಎಷ್ಟು ಏರಬಹುದು ಎಂಬುದಕ್ಕೆ ಮಿತಿ ಬರೆಸಿಕೊಳ್ಳಿ.

ಬಿಟ್ಟುಹೋಗುವ ದಾರಿಯನ್ನೂ ಈಗಲೇ ನೋಡಿಕೊಳ್ಳಿ. ಒಂದು ವೇದಿಕೆಗೆಂದು ಮಾಡಿದ ಪಾಠ ಬೇರೆ ವೇದಿಕೆಯಲ್ಲೂ ಓಡುವಂತೆ ಮಾಡುವ ಸಾಮಾನ್ಯ ತಾಂತ್ರಿಕ ಮಾದರಿಗೆ ಸ್ಕಾರ್ಮ್ ಎಂದು ಹೆಸರು. ಅದರ 2001ರ 1.2 ಆವೃತ್ತಿ ಈಗಲೂ ವ್ಯಾಪಕವಾಗಿ ಬಳಕೆಯಲ್ಲಿದೆ. ವೇದಿಕೆಯ ಹೊರಗೆ ನಡೆದ ಕಲಿಕೆಯನ್ನೂ ದಾಖಲಿಸಬಲ್ಲ ಎಕ್ಸ್‌ಎಪಿಐ ಎಂಬ ಮಾದರಿಯ ಮೊದಲ ಪೂರ್ಣ ಆವೃತ್ತಿ 2013ರಲ್ಲಿ ಬಂತು. ನಿಮ್ಮ ಪಾಠಗಳು ಇವುಗಳಲ್ಲಿ ಒಂದರಲ್ಲಿಯಾದರೂ ಇರಬೇಕು. ಜೊತೆಗೆ ತಿದ್ದಲು ಬರುವ ಮೂಲ ಕಡತಗಳು ನಿಮ್ಮ ಸ್ವತ್ತು ಎಂದು ಒಪ್ಪಂದದಲ್ಲಿ ಬರೆದಿರಬೇಕು, ಇಲ್ಲವಾದರೆ ಒಂದು ಸಾಲು ತಿದ್ದಲೂ ಅದೇ ಗುತ್ತಿಗೆದಾರರ ಬಾಗಿಲು ಬಡಿಯಬೇಕಾಗುತ್ತದೆ. ನೌಕರರ ಅಂಕ, ಹಾಜರಿ ಮುಂತಾದ ಮಾಹಿತಿ ಎಲ್ಲಿ ಉಳಿಯುತ್ತದೆ, ಯಾರು ನೋಡಬಹುದು, ಒಪ್ಪಂದ ಮುಗಿದ ಮೇಲೆ ಯಾವ ರೂಪದಲ್ಲಿ ಮರಳಿ ಸಿಗುತ್ತದೆ, ಎಷ್ಟು ದಿನದಲ್ಲಿ ಅಳಿಸಲಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು.

ಅನೇಕ ಚಂದಾಗಳು ತಾವಾಗಿಯೇ ನವೀಕರಣಗೊಳ್ಳುತ್ತವೆ, ಬೇಡವೆಂದು ತಿಳಿಸಲು ನಿರ್ದಿಷ್ಟ ಗಡುವು ಇರುತ್ತದೆ. ಆ ದಿನಾಂಕವನ್ನು ಹುಡುಕಿ, ಅದಕ್ಕೆ ಎರಡು ತಿಂಗಳ ಮೊದಲಿನ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂದು ಮುಗಿಸಿದವರ ತಲೆಗೆ ತಗುಲಿದ ಖರ್ಚನ್ನೂ ಕೆಲಸದ ದಾಖಲೆಯಲ್ಲಿ ಕಂಡ ಬದಲಾವಣೆಯನ್ನೂ ಪ್ರಸ್ತಾವದಲ್ಲಿ ಬರೆದಿದ್ದ ಸಂಖ್ಯೆಗಳ ಪಕ್ಕದಲ್ಲಿಟ್ಟು ನೋಡಿ, ಒಂದೊಂದು ಕೋರ್ಸನ್ನೂ ಮುಂದುವರಿಸಬೇಕೋ, ತರಗತಿಗೆ ಮರಳಿಸಬೇಕೋ ಎಂದು ಪ್ರತ್ಯೇಕವಾಗಿ ತೀರ್ಮಾನಿಸಿ.